ಹಡಗು ಇಳಿದು ಊರು ನೋಡಿ ಹೊಳ್ಳಿ ಹತ್ತುವುದು ಹೇಗೆ

31 ವರ್ಷ ಬಸ್ಸಿನಲ್ಲಿ ಸೀಟಿ ಊದಿದವನು ನಾನು. ಹೆಚ್ಚಿನ ಕಾಲ ಕಲಬುರಗಿ–ಬೀದರ್ ರೂಟು. ಹುಮನಾಬಾದ್ ಸ್ಟ್ಯಾಂಡಿಗೆ ಬಂದ ಕೂಡಲೇ "ಹತ್ತು ನಿಮಿಷ, ಹತ್ತೇ ನಿಮಿಷ" ಅಂತ ಕೂಗುತ್ತಿದ್ದೆ. ಅರ್ಧ ಬಸ್ಸು ಚಹಾಕ್ಕೆ ಇಳಿಯುತ್ತಿತ್ತು. ಹನ್ನೊಂದನೇ ನಿಮಿಷಕ್ಕೆ ನಾನು ಎರಡು ಸಲ ಸೀಟಿ ಊದಿದರೆ ಡ್ರೈವರ್ ಗೇರ್ ಹಾಕಿಬಿಡುತ್ತಿದ್ದ. ಕೈಯಲ್ಲಿ ಮಿರ್ಚಿ ಭಜಿ ಹಿಡಿದುಕೊಂಡು ಬಸ್ಸಿನ ಹಿಂದೆ ಓಡಿ ಬಂದವರು ಎಷ್ಟು ಮಂದಿಯೋ, ಲೆಕ್ಕವಿಲ್ಲ. ಕೆಲವರನ್ನು ಬಿಟ್ಟು ಹೋಗಿದ್ದೂ ಉಂಟು. ಅವರ ಬೈಗುಳ ಇವತ್ತಿಗೂ ಕಿವಿಯಲ್ಲಿದೆ.

ನಿವೃತ್ತಿಯಾದ ಮೇಲೆ ಮಗಳು, ಅಳಿಯ ನಮ್ಮಿಬ್ಬರನ್ನೂ ಅಮೆರಿಕಕ್ಕೆ ಕರೆಸಿಕೊಂಡರು. ಅವರಿರುವುದು ಫ್ಲೋರಿಡಾದ ಒರ್ಲ್ಯಾಂಡೊದಲ್ಲಿ. ಅಲ್ಲಿಂದ ಒಂದು ತಾಸಿನ ದಾರಿ ಹೋದರೆ ಪೋರ್ಟ್ ಕೆನವೆರಲ್ ಅನ್ನುವ ಬಂದರು. ಅಲ್ಲಿ ಏಳು ರಾತ್ರಿಯ ಕ್ರೂಸ್ ಹಡಗು ಹತ್ತಿಸಿದರು. ಹಡಗು ಕೆರಿಬಿಯನ್ ಸಮುದ್ರದ ಒಂದೊಂದು ದ್ವೀಪದ ಹತ್ತಿರ ಮುಂಜಾನೆ ನಿಲ್ಲುತ್ತದೆ, ಸಂಜೆ ಹೊರಡುತ್ತದೆ. ಮಗಳಿಗೆ ಒಂಬತ್ತು ತಿಂಗಳ ಕೂಸು, ಬಿಸಿಲಿಗೆ ಇಳಿಸುವುದಿಲ್ಲ ಅಂದಳು. ಹಾಗಾಗಿ ಊರು ನೋಡಲು ಇಳಿದವರು ನಾವಿಬ್ಬರೇ, ನಾನು ಮತ್ತು ನಮ್ಮ ಮನೆಯಾಕೆ. ಹಡಗಿನವರ ಟೂರ್ ತೆಗೆದುಕೊಂಡಿದ್ದರೆ ತಲೆಗೆ 70–80 ಡಾಲರ್ ಆಗುತ್ತಿತ್ತು. ಅದನ್ನು ರೂಪಾಯಿಗೆ ಗುಣಿಸಿ ನೋಡಿದ ಮೇಲೆ ಕಾಲ್ನಡಿಗೆಯೇ ಸೈ ಅನ್ನಿಸಿತು. ಈಗ ನಮ್ಮ ಓಣಿಯಲ್ಲೇ ನಾಲ್ಕು ಮನೆಯವರ ಮಕ್ಕಳು ಆ ಕಡೆ ಇದ್ದಾರೆ. ಹೋಗುವ ಮುನ್ನ ಬಂದು ಕೇಳುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದಿಟ್ಟರೆ ಆಯಿತು ಅಂತ ಕುಳಿತಿದ್ದೇನೆ.

ಮೊದಲು ವೀಸಾ. ನಮ್ಮ ಪಾಸ್‌ಪೋರ್ಟಿನವರಿಗೆ ಅಮೆರಿಕದ ವೀಸಾ ಪದೇಪದೇ ಒಳಗೆ ಬರಲು ಬಿಡುವಂಥದ್ದು, ಅಂದರೆ ಮಲ್ಟಿಪಲ್ ಎಂಟ್ರಿ ಇರಬೇಕು. ಯಾಕೆಂದರೆ ಹಡಗು ಬೇರೆ ದೇಶ ಮುಟ್ಟಿ ಬಂದರೆ ನೀವು ಹೊಸದಾಗಿ ಅಮೆರಿಕದ ಒಳಗೆ ಬಂದಂತೆ ಲೆಕ್ಕ. ನಾನು ಮುಖ್ಯವಾಗಿ ಹೇಳಹೊರಟ ಎರಡು ಊರು, ಪೋರ್ಟೊ ರಿಕೊದ ಸಾನ್ ಹ್ವಾನ್ ಮತ್ತು ಸೇಂಟ್ ಥಾಮಸ್ ದ್ವೀಪದ ಶಾರ್ಲಟ್ ಅಮಾಲಿ, ಅಮೆರಿಕದ ಆಡಳಿತಕ್ಕೇ ಸೇರಿದವು. ಅಲ್ಲಿ ನಡೆಯುವುದೂ ಡಾಲರೇ. ಮೆಕ್ಸಿಕೊದ ಕೊಸುಮೆಲ್‌ಗೆ ಹೋಗುವ ಹಡಗಾದರೆ, ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದವರನ್ನು ಮೆಕ್ಸಿಕೊ ಬೇರೆ ವೀಸಾ ಕೇಳದೆ ಬಿಡುತ್ತದೆ. ಮಿಕ್ಕ ದ್ವೀಪಗಳಿಗೆ ಒಂದೊಂದಕ್ಕೂ ಒಂದೊಂದು ನಿಯಮ. ದುಡ್ಡು ಕಟ್ಟುವ ಮೊದಲೇ "ಭಾರತದ ಪಾಸ್‌ಪೋರ್ಟ್" ಅಂತ ಬಾಯಿಬಿಟ್ಟು ಹೇಳಿ ಹಡಗಿನ ಕಂಪನಿಯಿಂದ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ. ಅಮೆರಿಕದ ಪ್ರಜೆಗಳಿಗೆ ಅಂತ ಬರೆದ ನಿಯಮ ಓದಿ ಮೋಸ ಹೋಗಬೇಡಿ.

ಈಗ ಸಮಯದ ಮಾತು. ಈ ಬರಹದಲ್ಲಿ ನನ್ನ ಕಸುಬಿಗೆ ಸೇರಿದ್ದು ಇದೊಂದೇ, ಆದ್ದರಿಂದ ಸ್ವಲ್ಪ ಎಳೆಯುತ್ತೇನೆ.

ದಿನಾ ರಾತ್ರಿ ಹಡಗಿನ ಕೋಣೆಗೆ ಒಂದು ಹಾಳೆ ಬರುತ್ತದೆ, ಅಥವಾ ಮೊಬೈಲ್ ಆ್ಯಪಿನಲ್ಲಿ ಸಿಗುತ್ತದೆ. ನಾಳೆ ಯಾವ ಊರು, ಎಷ್ಟಕ್ಕೆ ಮುಟ್ಟುತ್ತದೆ, ಎಷ್ಟಕ್ಕೆ ಬಿಡುತ್ತದೆ ಎಲ್ಲ ಅದರಲ್ಲಿರುತ್ತದೆ. ಎಲ್ಲರ ಕಣ್ಣು ಬಿಡುವ ಸಮಯದ ಮೇಲೆ ಬೀಳುತ್ತದೆ. ನೋಡಬೇಕಾದ್ದು ಅದಲ್ಲ. ಅದರ ಹತ್ತಿರವೇ "ಆಲ್ ಅಬೋರ್ಡ್" ಅಂತ ಇನ್ನೊಂದು ಸಮಯ ಇರುತ್ತದೆ, ಸಾಮಾನ್ಯವಾಗಿ ಅರ್ಧ ತಾಸು ಮುಂಚೆ, ಕೆಲವು ಕಡೆ ಒಂದು ತಾಸು. ಅಷ್ಟರೊಳಗೆ ಎಲ್ಲರೂ ಹತ್ತಿರಬೇಕು. ಸಾನ್ ಹ್ವಾನ್‌ನಲ್ಲಿ ನಮ್ಮ ಹಡಗು ಬಿಡುವುದು 5ಕ್ಕೆ, ಆಲ್ ಅಬೋರ್ಡ್ 4:30ಕ್ಕೆ ಇತ್ತು. ನಾನು ಕಾಗದದ ಮೇಲೆ 3:30 ಅಂತ ಬರೆದುಕೊಂಡೆ. ನನ್ನ ಸೀಟಿ ಅದು.

ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬರಬೇಕು. 3:30ಕ್ಕೆ ಹಡಗಿನ ಬುಡದಲ್ಲಿರಬೇಕಾದರೆ ಕೊನೆಯ ಜಾಗ ಎಷ್ಟಕ್ಕೆ ಬಿಡಬೇಕು? ಹೋಗುವಾಗ ಇಪ್ಪತ್ತು ನಿಮಿಷ ಹಿಡಿದ ದಾರಿಗೆ ಬರುವಾಗ ನಲವತ್ತು ಇಟ್ಟುಕೊಳ್ಳಿ. ಬಿಸಿಲಿರುತ್ತದೆ, ಮೊಣಕಾಲು ನೋಯುತ್ತಿರುತ್ತದೆ, ದಾರಿಯಲ್ಲಿ ಮನೆಯಾಕೆ ಒಂದು ಅಂಗಡಿ ಕಂಡು ನಿಂತೇ ನಿಲ್ಲುತ್ತಾಳೆ. ಹೀಗೆ ಎಣಿಸಿದ ಮೇಲೆ ಕೈಯಲ್ಲಿ ಎಷ್ಟು ತಾಸು ಉಳಿಯುತ್ತದೋ ಅಷ್ಟೇ ನಿಮ್ಮ ದಿನ. ನಮಗೆ ಉಳಿದದ್ದು ಐದು ತಾಸು. ಎಂಟು ತಾಸು ಇದೆ ಅಂದುಕೊಂಡು ಇಳಿದವರೇ ಸಂಜೆ ಓಡುವವರು.

ಹಡಗಿನವರ ಟೂರಿಗೂ ನಮ್ಮ ತಿರುಗಾಟಕ್ಕೂ ಇರುವ ನಿಜವಾದ ಫರಕು ಇದು: ಅವರ ಟೂರಿನ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಅದು ಅವರ ಜವಾಬ್ದಾರಿ. ನೀವು ತಡವಾದರೆ ಕಾಯುವುದಿಲ್ಲ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ವಿಮಾನ ಹತ್ತಿ ಹೋಗಿ ಹಡಗು ಹಿಡಿಯಬೇಕು. ನಾನು ಅದನ್ನು ತಪ್ಪು ಅನ್ನಲಾರೆ. ಮೂರು ಸಾವಿರ ಮಂದಿ ಒಳಗೆ ಕುಳಿತಿರುವಾಗ ಇಬ್ಬರಿಗಾಗಿ ನಿಲ್ಲಿಸಲು ಆಗುವುದಿಲ್ಲ. ಆ ಹಾಳೆಯಲ್ಲೇ ಪೋರ್ಟ್ ಏಜೆಂಟ್ ಅನ್ನುವವರ ಫೋನ್ ನಂಬರ್ ಇರುತ್ತದೆ. ಹಡಗು ತಪ್ಪಿದರೆ ನಿಮಗೆ ಆಗುವ ಮನುಷ್ಯ ಅವರೇ. ಹಾಳೆಯ ಫೋಟೋ ತೆಗೆದುಕೊಂಡು, ನಂಬರನ್ನು ಚೀಟಿಯಲ್ಲೂ ಬರೆದು ಕಿಸೆಯಲ್ಲಿಡಿ. ಮೊಬೈಲಿನ ಬ್ಯಾಟರಿ ಖಾಲಿಯಾಗುವುದು ಯಾವಾಗಲೂ ಬೇಕಾದ ಹೊತ್ತಿಗೇ.

ಗಡಿಯಾರದ್ದು ಇನ್ನೊಂದು ತೊಡಕು. ಹಡಗಿನ ಸಮಯ ಬೇರೆ, ಊರಿನ ಸಮಯ ಬೇರೆ ಆಗಬಹುದು. ಪೋರ್ಟೊ ರಿಕೊ ವರ್ಷವಿಡೀ ಒಂದೇ ಸಮಯ ಇಟ್ಟುಕೊಳ್ಳುತ್ತದೆ. ಚಳಿಗಾಲದಲ್ಲಿ ಅದು ಫ್ಲೋರಿಡಾಕ್ಕಿಂತ ಒಂದು ತಾಸು ಮುಂದು. ಹಡಗು ಗಡಿಯಾರ ತಿರುಗಿಸದೇ ಇದ್ದರೂ ಮೊಬೈಲ್ ಒಂದು ತಾಸು ಮುಂದೆ ತೋರಿಸುತ್ತದೆ, ನೀವು ಬೇಗ ಬಂದು ಕುಳಿತಿರುತ್ತೀರಿ, ನಷ್ಟವೇನಿಲ್ಲ. ಕೊಸುಮೆಲ್‌ನಲ್ಲಿ ಇದು ತಿರುವುಮುರುವು. ಆ ರಾಜ್ಯ 2015ರಿಂದ ಗಡಿಯಾರ ತಿರುಗಿಸುವುದನ್ನೇ ಬಿಟ್ಟಿದೆ. ಬೇಸಿಗೆಯಲ್ಲಿ ಫ್ಲೋರಿಡಾದ ಸಮಯದಲ್ಲೇ ನಡೆಯುವ ಹಡಗಿನಲ್ಲಿ 4:30 ಆದಾಗ ದಡದಲ್ಲಿರುವ ನಿಮ್ಮ ಮೊಬೈಲಿನಲ್ಲಿ 3:30. ಇನ್ನೂ ಒಂದು ತಾಸಿದೆ ಅಂತ ನೀವು ಎಳನೀರು ಕುಡಿಯುತ್ತಿರುವಾಗ ಅವರು ಏಣಿ ಎಳೆದುಕೊಂಡಿರುತ್ತಾರೆ. ಮುಳ್ಳಿನ ಗಡಿಯಾರ ಒಂದನ್ನು ಕೈಗೆ ಕಟ್ಟಿಕೊಂಡು, ಹಡಗಿನಿಂದ ಇಳಿಯುವಾಗ ಅಲ್ಲಿನ ಗಡಿಯಾರಕ್ಕೆ ಹೊಂದಿಸಿಕೊಳ್ಳಿ. ನನ್ನದು ನಿವೃತ್ತಿಯ ದಿನ ಡಿಪೋದವರು ಕೊಟ್ಟದ್ದು. ಆ ಏಳು ದಿನ ಅದಕ್ಕೆ ಮತ್ತೆ ಡ್ಯೂಟಿ ಬಿತ್ತು.

ಇಳಿಯುವ ಮುನ್ನ ಚೀಲ ನೋಡಿಕೊಳ್ಳಿ. ಹಡಗಿನವರು ಕೊಟ್ಟ ಕಾರ್ಡು ಇಲ್ಲದೆ ಹೊಳ್ಳಿ ಹತ್ತಿಸುವುದಿಲ್ಲ. ಅದರ ಜೊತೆ ಫೋಟೋ ಇರುವ ಒಂದು ಗುರುತಿನ ಚೀಟಿ, ಪಾಸ್‌ಪೋರ್ಟ್ ಮತ್ತು ವೀಸಾದ ನಕಲು ಇರಲಿ. ಅಸಲು ಪಾಸ್‌ಪೋರ್ಟನ್ನು ಒಯ್ಯಬೇಕೋ ಬೇಡವೋ ಅಂತ ಹಿಂದಿನ ರಾತ್ರಿಯೇ ಹಡಗಿನ ಕೌಂಟರಿನಲ್ಲಿ ಕೇಳಿಕೊಳ್ಳಿ, ಊರಿಂದೂರಿಗೆ ಬೇರೆ. ಟೊಪ್ಪಿಗೆ, ನೀರಿನ ಬಾಟಲಿ, ದಿನದ ಗುಳಿಗೆ, ಜೊತೆಗೆ ಒಂದು ಹೊತ್ತಿನ ಹೆಚ್ಚಿನ ಗುಳಿಗೆ. ಒಂದು, ಐದು ಡಾಲರಿನ ಚಿಲ್ಲರೆ ನೋಟು ಬೇಕೇಬೇಕು. ಚಿಲ್ಲರೆಗಾಗಿ ಜಗಳ ಆಡಿದವನ ಮಾತು ಕೇಳಿ. ಮೊಬೈಲನ್ನು ಹಡಗಿನಲ್ಲಿರುವಷ್ಟು ಹೊತ್ತೂ ಏರೋಪ್ಲೇನ್ ಮೋಡಿನಲ್ಲಿಡಿ, ಇಲ್ಲದಿದ್ದರೆ ಅದು ಹಡಗಿನ ಉಪಗ್ರಹದ ನೆಟ್‌ವರ್ಕ್ ಹಿಡಿದು ಬಿಲ್ಲು ಏರಿಸುತ್ತದೆ. ಮಗಳು ಕೊಡಿಸಿದ ಅಮೆರಿಕದ ಸಿಮ್ ಈ ಎರಡೂ ಊರಿನಲ್ಲಿ ಹಾಗೇ ನಡೆಯಿತು. ಊರಿನ ನಕ್ಷೆಯನ್ನು ಮಾತ್ರ ಮೊದಲೇ ಇಳಿಸಿಕೊಂಡಿದ್ದೆವು.

ಹಣ್ಣು ಒಯ್ಯಬೇಡಿ. ಹಡಗಿನ ಊಟದ ಮನೆಯಿಂದ ಹಣ್ಣು, ಬ್ರೆಡ್ಡಿನ ನಡುವೆ ಮಾಂಸ, ಏನೇ ಆಗಲಿ ದಡಕ್ಕೆ ಒಯ್ಯಲು ಬಿಡುವುದಿಲ್ಲ. ಹಣ್ಣಿನ ಜೊತೆ ಹುಳ, ರೋಗ ಬಂದು ಅವರ ಬೆಳೆಗೆ ತಗಲಬಾರದು ಅಂತ. ನಮ್ಮಾಕೆ ನಾನು ನೋಡದ ಹಾಗೆ ಎರಡು ಬಾಳೆಹಣ್ಣು ಚೀಲಕ್ಕೆ ಹಾಕಿಕೊಂಡಿದ್ದಳು. ಬಾಗಿಲಲ್ಲಿ ನಿಂತ ಹುಡುಗ ಕಸದ ಡಬ್ಬಿ ತೋರಿಸಿದ. ಅನ್ನ ಬಿಸಾಕುವ ಜಾಯಮಾನ ಅಲ್ಲವಲ್ಲ, ಎರಡನ್ನೂ ಅಲ್ಲೇ ನಿಂತು ತಿಂದಳು. ಹಿಂದೆ ಸಾಲು ನಿಂತಿತ್ತು. "ಕಮಲಾಪುರದ ಕೆಂಪ ಬಾಳಿಹಣ್ಣಿನ ಮುಂದ ಇದೇನ್ರೀ, ಸಪ್ಪಗ" ಅಂತ ತೀರ್ಪನ್ನೂ ಕೊಟ್ಟಳು. ಅಂಗಡಿಯಿಂದ ತಂದ, ಸೀಲು ಒಡೆಯದ ಶೇಂಗಾ ಚಿಕ್ಕಿಗೆ ಯಾರೂ ಏನೂ ಅನ್ನಲಿಲ್ಲ.

ಇನ್ನು ಸಾನ್ ಹ್ವಾನ್. ಅದನ್ನು ನೋಡುವುದು ಇಳಿದ ಮೇಲೆ ಶುರುವಾಗುವುದಿಲ್ಲ, ಒಂದು ತಾಸು ಮುಂಚೆಯೇ ಶುರು. ಹಡಗು ಬಂದರಿನ ಬಾಯಿಗೆ ಬರುವಾಗ ಮೇಲಿನ ಡೆಕ್ಕಿನಲ್ಲಿರಿ. ಎಡಗಡೆ ಬಂಡೆಯ ತುದಿಯಲ್ಲಿ ಎಲ್ ಮೊರೊ ಕೋಟೆ ಏಳುತ್ತದೆ. ಸಮುದ್ರದಿಂದ ಸುಮಾರು 140 ಅಡಿ ಎತ್ತರ, ಆರು ಅಂತಸ್ತು. 1539ರಲ್ಲಿ ಸ್ಪೇನಿನವರು ಕಟ್ಟಲು ಶುರು ಮಾಡಿದ್ದು. ಬೀದರ್ ಕೋಟೆಯನ್ನು ವಾರಕ್ಕೆ ಮೂರು ಸಲ ಕಂಡವನು ನಾನು, ಕೋಟೆ ಅಂದರೆ ಸುಲಭಕ್ಕೆ ಬಾಯಿ ತೆರೆಯುವವನಲ್ಲ. ಆದರೆ ನಮ್ಮ ಕೋಟೆಗಳಿಗೆ ನೀರು ಅಂದರೆ ಕಂದಕ. ಇಲ್ಲಿ ಕಂದಕದ ಜಾಗದಲ್ಲಿ ಇಡೀ ಸಮುದ್ರ ಬಂದು ಗೋಡೆಗೆ ಹೊಡೆಯುತ್ತದೆ. ಕೋಟೆ ನೋಡಿದ ಮೇಲೆ ಹಡಗಿನಿಂದ ಕಂಡ ಆ ಮುಖ ನೆನಪಿಗೆ ಬಂದರೆ, ತೋಪು ಯಾಕೆ ಆ ದಿಕ್ಕಿಗೇ ಇವೆ ಅಂತ ತಾನಾಗಿ ತಿಳಿಯುತ್ತದೆ.

ಹಡಗು ಯಾವ ಪಿಯರಿಗೆ ಕಟ್ಟಿದ್ದಾರೆ ಅಂತ ನೋಡಿ. ಪಿಯರ್ ಅಂದರೆ ಹಡಗಿನ ಪ್ಲಾಟ್‌ಫಾರ್ಮ್ ಅನ್ನಿ. ಹಳೆ ಊರಿನ ಪಿಯರುಗಳಾದರೆ ರಸ್ತೆ ದಾಟಿದರೆ ಊರೇ. ಕೆಲವು ಹಡಗುಗಳನ್ನು ಕಾಲುವೆಯ ಆಚೆ ದಂಡೆಯ ಪ್ಯಾನ್ ಅಮೆರಿಕನ್ ಪಿಯರಿನಲ್ಲಿ ನಿಲ್ಲಿಸುತ್ತಾರೆ. ಅಲ್ಲಿಂದ ನಡೆಯಬೇಡಿ, ಟ್ಯಾಕ್ಸಿ ಹಿಡಿಯಿರಿ. ಹೊರಗೆ ಬಂದೊಡನೆ "ಟೂರ್, ಟೂರ್" ಅಂತ ಮುತ್ತುತ್ತಾರೆ. ಕೇಂದ್ರ ಬಸ್ ನಿಲ್ದಾಣದ ಹೊರಗೆ ಆಟೋದವರು ಮುತ್ತುವುದಕ್ಕಿಂತ ಕಡಿಮೆಯೇ. ನಕ್ಕು ತಲೆ ಅಲ್ಲಾಡಿಸಿ ಮುಂದೆ ನಡೆದರೆ ಬಿಡುತ್ತಾರೆ. ಹಡಗಿನವರು ಕೈಗೆ ಕೊಡುವ ನಕ್ಷೆ ಅಂಗಡಿಗಳ ಜಾಹೀರಾತು, ಅದರಲ್ಲಿ ಊರು ಹುಡುಕಬೇಡಿ.

ನಾವು ನಡೆದ ದಾರಿ ಹೇಳುತ್ತೇನೆ, ಹಾಗೇ ಹೋಗಿ. ಪಿಯರಿನಿಂದ ಎಡಕ್ಕೆ ತಿರುಗಿದರೆ ಪಸೇಯೊ ದೆ ಲಾ ಪ್ರಿನ್ಸೆಸಾ ಅನ್ನುವ ಮರದ ಸಾಲಿನ ನಡೆದಾರಿ. ಅದು ಕೋಟೆಗೋಡೆಯ ಬುಡಕ್ಕೆ ಒಯ್ಯುತ್ತದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಕತ್ತೆತ್ತಿ ನೋಡಬೇಕಾದ ಗೋಡೆ, ಬಿಸಿಲಲ್ಲಿ ಕಾಲು ಚಾಚಿ ಮಲಗಿದ ಬೆಕ್ಕುಗಳು. ಸ್ವಲ್ಪ ದೂರಕ್ಕೆ ಗೋಡೆಯಲ್ಲಿ ಕೆಂಪು ಬಣ್ಣದ ದೊಡ್ಡ ಬಾಗಿಲು ಬರುತ್ತದೆ. ಊರಿಗೆ ಇದ್ದ ಹಳೆಯ ಬಾಗಿಲುಗಳಲ್ಲಿ ಉಳಿದದ್ದು ಇದೊಂದೇ. ಮೇಲೆ ಲ್ಯಾಟಿನ್ನಿನಲ್ಲಿ ಬರೆದಿದ್ದಾರೆ: ದೇವರ ಹೆಸರಿನಲ್ಲಿ ಬರುವವನಿಗೆ ಒಳ್ಳೆಯದಾಗಲಿ ಅಂತ. ಹಡಗಿನಿಂದ ಇಳಿದವರು ಈ ಬಾಗಿಲಿನಿಂದ ನೆಟ್ಟಗೆ ಏರಿ ಹೋಗಿ ಎದುರಿನ ಚರ್ಚಿನಲ್ಲಿ, ಜೀವಂತ ಮುಟ್ಟಿದೆವಪ್ಪಾ ಅಂತ ಕೈ ಮುಗಿಯುತ್ತಿದ್ದರಂತೆ. ನಾವೂ ಹಾಗೇ ಹೋಗಿ ಐದು ನಿಮಿಷ ಕುಳಿತೆವು, ತಂಪಾಗಿತ್ತು. ಪೋರ್ಟೊ ರಿಕೊದ ಮೊದಲ ಗವರ್ನರ್ ಪೊನ್ಸೆ ದೆ ಲಿಯೊನ್‌ನ ಸಮಾಧಿ ಅದರೊಳಗೇ ಇದೆ.

ಇಲ್ಲಿಂದ ಏರು. ಕಾಲ ಕೆಳಗೆ ನೋಡಿಕೊಂಡು ನಡೆಯಿರಿ. ಓಣಿಗಳಿಗೆ ಹಾಸಿದ್ದು ನೀಲಿ ಇಟ್ಟಿಗೆಯಂಥ ಕಲ್ಲು. ಕಬ್ಬಿಣ ಕರಗಿಸಿದಾಗ ಉಳಿಯುವ ಕಿಟ್ಟವನ್ನು ಅಚ್ಚಿಗೆ ಹಾಕಿ ಮಾಡಿದ್ದು. ಖಾಲಿ ಹಡಗು ಹೊಯ್ದಾಡದಿರಲಿ ಅಂತ ತಳಕ್ಕೆ ತುಂಬಿಕೊಂಡು ಬಂದು, ಇಲ್ಲಿ ಇಳಿಸಿ ರಸ್ತೆಗೆ ಹಾಸಿದರು. ನೋಡಲು ಬಲು ಛಂದ. ಮಳೆ ಬಿದ್ದರೆ ಮಾತ್ರ ನಮ್ಮ ಮನೆ ಅಂಗಳದ ಶಹಾಬಾದ್ ಫರಸಿಯ ಮೇಲೆ ಸೋಪಿನ ನೀರು ಚೆಲ್ಲಿದ ಹಾಗೆ. ಅಲ್ಲಿಯ ಮಳೆ ಹತ್ತು ನಿಮಿಷ ಸುರಿದು ಮತ್ತೆ ಬಿಸಿಲಾಗುತ್ತದೆ, ಯಾವುದಾದರೂ ಬಾಗಿಲ ಕೆಳಗೆ ನಿಂತುಬಿಡಿ. ಹವಾಯಿ ಚಪ್ಪಲಿ ಬೇಡವೇ ಬೇಡ, ಹಿಡಿತವಿರುವ ಬೂಟು ಹಾಕಿ. ಸೀರೆಗೆ ಬೂಟು ಹೇಗೆ ಅನ್ನುವವರಿಗೆ: ನಮ್ಮಾಕೆ ಇಳಕಲ್ ಸೀರೆಯ ಕೆಳಗೆ ಮಗಳ ಸ್ಪೋರ್ಟ್ಸ್ ಬೂಟು ಹಾಕಿಕೊಂಡೇ ಎರಡೂ ಕೋಟೆ ಹತ್ತಿದಳು. ಇಬ್ಬರು ಬಂದು ಜೊತೆಗೆ ನಿಂತು ಫೋಟೋ ತೆಗೆಸಿಕೊಂಡರು.

ಎಲ್ ಮೊರೊದ ಮುಂದೆ ದೊಡ್ಡ ಹುಲ್ಲುಬಯಲು. ಕಡಲ ಗಾಳಿಗೆ ಮಕ್ಕಳು ಮುದುಕರು ಎಲ್ಲ ಗಾಳಿಪಟ ಹಾರಿಸುತ್ತಾರೆ. ನೆರಳಿಲ್ಲದ ಬಯಲು ಅದು, ನೀರು ಕುಡಿದು ಹೊರಡಿ. ನಾವು ಹೋದಾಗ ದೊಡ್ಡವರಿಗೆ 10 ಡಾಲರ್ ಟಿಕೆಟ್. ಆ ರಸೀದಿ ಬಿಸಾಕಬೇಡಿ! ಅದೇ ಟಿಕೆಟ್ ಊರಿನ ಇನ್ನೊಂದು ಕೋಟೆ ಸಾನ್ ಕ್ರಿಸ್ತೋಬಾಲ್‌ಗೂ 24 ತಾಸು ನಡೆಯುತ್ತದೆ. ನಮ್ಮ ಮುಂದೆ ಒಂದು ಕುಟುಂಬ ಅಲ್ಲಿ ಎರಡನೇ ಸಲ ದುಡ್ಡು ಕೊಡಲು ಹೊರಟಿತ್ತು. ಟಿಕೆಟ್ ಪರೀಕ್ಷೆ ಮಾಡುವ ಚಟ ಹೋಗಿಲ್ಲ ನೋಡ್ರಿ, ಅವರ ಹಳೆ ರಸೀದಿ ಚೀಲದಿಂದ ತೆಗೆಸಿ ತೋರಿಸಿದೆ.

ಕೋಟೆಯ ಚರಿತ್ರೆ ಫಲಕಗಳಲ್ಲಿದೆ, ಓದಿಕೊಳ್ಳಿ. ಒಂದು ಮಾತ್ರ ಹೇಳುತ್ತೇನೆ. 1595ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕ್ ಸಮುದ್ರದಿಂದ ಬಂದು ತೋಪಿನ ಹೊಡೆತ ತಿಂದು ಹೊಳ್ಳಿ ಹೋದ. ಮೂರು ವರ್ಷದ ಮೇಲೆ ಇನ್ನೊಬ್ಬ ಇಂಗ್ಲಿಷಿನವನು, ಕಂಬರ್ಲೆಂಡಿನ ಅರ್ಲ್, ಆಚೆ ಇಳಿದು ನೆಲದ ದಾರಿಯಿಂದ ಬಂದು ಕೋಟೆ ಹಿಡಿದ. ಅದಕ್ಕೇ ಮುಂದೆ ನೆಲದ ಕಡೆಗೆ ಕಾವಲು ಅಂತ ಸಾನ್ ಕ್ರಿಸ್ತೋಬಾಲ್ ಎದ್ದದ್ದು. ಇಷ್ಟು ತಿಳಿದು ಹೋದರೆ ಎರಡು ಕೋಟೆ ಯಾಕೆ ನೋಡಬೇಕು ಅನ್ನುವ ಪ್ರಶ್ನೆ ಏಳುವುದಿಲ್ಲ. ಕಾಲಿಗೆ ತ್ರಾಣ ಕಡಿಮೆ ಇದ್ದರೆ, ಒಂದೇ ಅಂದರೆ, ನಾನು ಸಾನ್ ಕ್ರಿಸ್ತೋಬಾಲ್ ಅನ್ನುತ್ತೇನೆ. ಅಂಗಳದ ಕೆಳಗೆ ಮಳೆನೀರು ಹಿಡಿದಿಡುವ ಐದು ಭಾರೀ ಟಾಕಿಗಳಿವೆ. ಸುರಂಗದ ಕೊನೆಯ ಕತ್ತಲೆ ಕೋಣೆಯ ಗೋಡೆಯ ಮೇಲೆ ಯಾವನೋ ಸೆರೆಯಾಳು ಹಳೆಯ ಕಾಲದ ಹಡಗುಗಳ ಚಿತ್ರ ಬರೆದಿದ್ದಾನೆ. ಹಾಯಿ, ಹಗ್ಗ ಎಲ್ಲ ಒಂದೊಂದಾಗಿ ಎಣಿಸಬಹುದು. ಬಿಡುಗಡೆಯಾದರೆ ಯಾವುದರಲ್ಲಿ ಹೋಗುತ್ತೇನೆ ಅಂತ ಯೋಚಿಸುತ್ತ ಬರೆದನೋ ಏನೋ. ನಾನು ಅಲ್ಲಿ ಬಹಳ ಹೊತ್ತು ನಿಂತೆ, ಮನೆಯಾಕೆ ಗಡಿಯಾರ ತೋರಿಸಿದಳು.

ಎರಡು ಕೋಟೆಗಳ ನಡುವಿನ ರಸ್ತೆ ಸಮುದ್ರದ ಪಕ್ಕದಲ್ಲೇ ಹೋಗುತ್ತದೆ. ಕೆಳಗೆ ದಂಡೆಯಲ್ಲಿ ಬಣ್ಣಬಣ್ಣದ ಮನೆಗಳ ಲಾ ಪೆರ್ಲಾ ಓಣಿ ಕಾಣುತ್ತದೆ. ಮೇಲಿನಿಂದಲೇ ನೋಡಿ. ಅಲ್ಲಿ ಮಂದಿ ಸಂಸಾರ ಮಾಡಿಕೊಂಡಿದ್ದಾರೆ, ಅವರ ಅಂಗಳದಲ್ಲಿ ನಮ್ಮ ಕ್ಯಾಮೆರಾ ಯಾಕೆ? ಶೌಚಾಲಯದ ಮಾತನ್ನು ಯಾರೂ ಬರೆಯುವುದಿಲ್ಲ, ವಯಸ್ಸಾದವರಿಗೆ ಅದೇ ಮುಖ್ಯ: ಎರಡೂ ಕೋಟೆಯಲ್ಲಿವೆ, ಸ್ವಚ್ಛವಾಗಿವೆ. ನಡುವೆ ಬೇಕಾದರೆ ಒಂದು ಕಾಫಿ ಕೊಂಡು ಹೋಟೆಲಿನದು ಬಳಸಿ.

ದಣಿವಾದರೆ ಗಾಡಿಯ ಮೇಲೆ ಪಿರಾಗ್ವಾ ಮಾರುತ್ತಾರೆ. ಬರಫ್ ಕೆರೆದು ಕಾಗದದ ಲೋಟದಲ್ಲಿ ಗೋಪುರದ ಹಾಗೆ ಕಟ್ಟಿ ಮೇಲೆ ಪಾಕ ಹಾಕಿಕೊಡುವುದು, ನಮ್ಮ ಬರಫ್ ಗೋಲಾದ ತಮ್ಮ. ಬಣ್ಣಬಣ್ಣದ ಬಾಟಲಿಗಳಲ್ಲಿ ಒಂದರ ಮೇಲೆ "ತಮರಿಂದೊ" ಅಂತ ಇರುತ್ತದೆ. ಹುಣಸೆಹಣ್ಣಿನ ಪಾಕ! ಅದನ್ನೇ ಕೇಳಿ.

ಊಟ. ಶಾಕಾಹಾರಿಗಳು ಇದನ್ನು ಎರಡು ಸಲ ಓದಿ. ಕಾಳಿನ ಪಲ್ಯ ಅನ್ನ ಕಂಡರೆ ನಮ್ಮದೇ ಅಂತ ಕುಳಿತುಬಿಡಬೇಡಿ. ಅಲ್ಲಿ ಕಾಳು ಬೇಯಿಸುವಾಗ ರುಚಿಗೆ ಅಂತ ಹಂದಿ ಮಾಂಸದ ತುಂಡು ಹಾಕುವ ರೂಢಿ. ಅವರ ಲೆಕ್ಕದಲ್ಲಿ ಅದು ಮಾಂಸದ ಅಡುಗೆಯೇ ಅಲ್ಲ. "ನೋ ಮೀಟ್" ಅಂದರೆ ತಲೆ ಆಡಿಸಿ ಅದನ್ನೇ ತಂದಿಡುತ್ತಾರೆ. ಮಾತಾಡುವುದು ಸ್ಪ್ಯಾನಿಷ್. ಈ ಮಾತು ಬಾಯಿಪಾಠ ಮಾಡಿ: "ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಪೋಯೋ, ಸಿನ್ ಪೆಸ್ಕಾದೋ." ಸಿನ್ ಅಂದರೆ ಇಲ್ಲದೆ. ಮಾಂಸ, ಹ್ಯಾಮ್ ಅನ್ನುವ ಹಂದಿ ಮಾಂಸ, ಕೋಳಿ, ಮೀನು ಇಲ್ಲದೆ ಅಂತ ಬಿಡಿಸಿ ಹೇಳಿದಂತಾಯಿತು. ಮೊಫೊಂಗೊ ಅಂತ ಒಂದು ಅಲ್ಲಿಯ ಹೆಸರಾದ ತಿನಿಸು. ಬಾಳೆಕಾಯಿ ಕರಿದು, ಬೆಳ್ಳುಳ್ಳಿ ಹಾಕಿ ಕಟ್ಟಿಗೆಯ ಕುಟ್ಟಾಣಿಯಲ್ಲಿ ಕುಟ್ಟುತ್ತಾರೆ. ಅದರಲ್ಲೂ ಕರಿದ ಹಂದಿ ಚರ್ಮ ಬೀಳುತ್ತದೆ, "ಸಿನ್ ಚಿಚರೋನ್" ಅನ್ನಬೇಕು. ಜಜ್ಜಿ ಎರಡು ಸಲ ಕರಿದ ಬಾಳೆಕಾಯಿ ತೊಸ್ತೋನೆಸ್, ಬಿಳಿ ಅನ್ನ, ಬೆಣ್ಣೆಹಣ್ಣಿನ ಸಲಾಡ್, ಇವು ಎಲ್ಲೆಡೆ ಸಿಗುತ್ತವೆ. ಕರಿಯುವ ಎಣ್ಣೆ ಬೇರೆ ಬೇಕು ಅನ್ನುವಷ್ಟು ಮಡಿಯಿದ್ದರೆ ಹಡಗಿನಲ್ಲೇ ಉಂಡು ಇಳಿಯಿರಿ, ಜಗಳವಿಲ್ಲ.

ನಾವು ಹೊಕ್ಕದ್ದು ಆರು ಮೇಜಿನ ಸಣ್ಣ ಖಾನಾವಳಿ. ಗಾಜಿನ ಹಿಂದೆ ದೊಡ್ಡ ತಟ್ಟೆಗಳಲ್ಲಿ ಅಡುಗೆ ಇಟ್ಟಿದ್ದರು. ಒಂದರಲ್ಲಿ ಹಳದಿ ಅನ್ನ, ಅದರ ತುಂಬ ಕಾಳು. ಮನೆಯಾಕೆ ಗಾಜಿಗೆ ಮೂಗು ಹಚ್ಚಿ ನೋಡಿದಳು. "ರೀ, ಇದು ತೊಗರಿ ಅಲ್ಲೇನ್ರೀ?" ನಾನು ಅಲ್ಲ ಅಂದೆ. ಹಡಗು ಹತ್ತಿ ಬಂದ ಊರಿನಲ್ಲಿ ನಮ್ಮ ತೊಗರಿ ಎಲ್ಲಿಂದ ಬರಬೇಕು? ಅಕಿ ಕೇಳಲಿಲ್ಲ, ಬಡಿಸುವ ಅಜ್ಜಿಗೆ ಬೆರಳಲ್ಲಿ ಕಾಳು ತೋರಿಸಿದಳು. ಅಜ್ಜಿ "ಗಂದೂಲೆಸ್" ಅಂದಳು. "ಏನಂತಾಳ? ಗಂಡ ಲೇಸ ಅಂತಾಳೇನು?" ಅಂತ ನನ್ನ ಕಡೆ ತಿರುಗಿದಳು. ನಗು ತಡೆಯಲಾಗಲಿಲ್ಲ. ಅಜ್ಜಿಗೆ ಏನು ತಿಳಿಯಿತೋ, ಒಳಗೆ ಹೋಗಿ ಒಂದು ಡಬ್ಬಿ ತಂದು, ಮುಚ್ಚಳ ತೆಗೆದು, ಒಂದು ಚಮಚ ಕಾಳು ತಟ್ಟೆಯ ಮೇಲೆ ಸುರಿದಳು. ಹಸಿರು ತಿರುಗಿದ ಕಂದು ಬಣ್ಣ, ನಡುವೆ ಆ ಚಿಕ್ಕ ಕಣ್ಣು. ತೊಗರಿಯೇ! ಹಸಿ ತೊಗರಿ ಬಿಡಿಸಿ ಬೇಯಿಸಿದ್ದು. ನಮ್ಮ ದೇಶದಿಂದ ಆಫ್ರಿಕಾಕ್ಕೆ ಹೋಗಿ, ಅಲ್ಲಿಂದ ಗುಲಾಮರನ್ನು ತುಂಬಿದ ಹಡಗುಗಳ ಕಾಲದಲ್ಲಿ ಈ ದ್ವೀಪಗಳಿಗೆ ಬಂದ ಬೆಳೆ ಅದು. ಅಲ್ಲಿ ಕ್ರಿಸ್‌ಮಸ್ಸಿಗೆ ತೊಗರಿಕಾಳಿನ ಅನ್ನ ಆಗಲೇಬೇಕಂತೆ.

ನಾವು ಹೋದದ್ದು ಎಳ್ಳಮಾಸಿಯ ಆಸುಪಾಸು. ಊರಲ್ಲಿದ್ದರೆ ತಮ್ಮನ ಹೊಲದಲ್ಲಿ ಹಸಿ ತೊಗರಿ, ಅವರೆ, ಕಡಲೆ ಎಲ್ಲ ಹಾಕಿದ ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುವ ಹೊತ್ತು. ಅದು ತಪ್ಪಿತು ಅಂತ ಮನೆಯಾಕೆ ಹಡಗು ಹತ್ತಿದಾಗಿನಿಂದ ಗೊಣಗುತ್ತಿದ್ದಳು. ಆ ಹಳದಿ ಅನ್ನದಲ್ಲಿ ಮಾಂಸ ಇತ್ತು, ಉಣ್ಣಲಾಗಲಿಲ್ಲ. ಡಬ್ಬಿಯ ಬರೀ ಕಾಳನ್ನು ಅಜ್ಜಿ ಎಣ್ಣೆ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿ ಬಿಸಿ ಮಾಡಿಕೊಟ್ಟಳು. ಬಿಳಿ ಅನ್ನದ ಮೇಲೆ ಹಾಕಿಕೊಂಡು ಉಂಡೆವು. ಖಾರ ಇರಲಿಲ್ಲ. ಚೀಲದಲ್ಲಿ ಶೇಂಗಾ ಹಿಂಡಿ ಇದ್ದಿದ್ದರೆ ಅಂತ ಇಬ್ಬರಿಗೂ ಅನ್ನಿಸಿತು.

ಹಳೆ ಊರಿಗೆ ಇಷ್ಟು ಸಾಕು. 3ಕ್ಕೆ ಇಳಿಜಾರಿನಲ್ಲಿ ಕೊಲೊನ್ ಚೌಕಕ್ಕೆ ಬಂದು, 3:20ಕ್ಕೆ ಪಿಯರಿನಲ್ಲಿದ್ದೆವು. ಸಂಜೆ 4:50ಕ್ಕೆ ನಾನು ಡೆಕ್ಕಿನ ಕಟಕಟೆಗೆ ಒರಗಿ ನಿಂತಿದ್ದಾಗ ಕೆಳಗೆ ಇಬ್ಬರು ಓಡಿ ಬಂದರು. ಕೈಯಲ್ಲಿ ಭಜಿ ಬದಲು ಅಂಗಡಿ ಚೀಲ. ಮೇಲಿನವರೆಲ್ಲ ಚಪ್ಪಾಳೆ ತಟ್ಟಿ ಹುರಿದುಂಬಿಸುತ್ತಿದ್ದರು. ಇದನ್ನು ನೋಡಲೆಂದೇ ಮಂದಿ ಅಲ್ಲಿ ಸೇರುತ್ತಾರಂತೆ. ಹತ್ತಿಸಿಕೊಂಡರು, ಪುಣ್ಯ.

ಮರುದಿನ ಸೇಂಟ್ ಥಾಮಸ್. ಅಲ್ಲಿ ಏನು ನೋಡಬೇಕು ಅಂತ ಚಿಕ್ಕದಾಗಿ ಹೇಳುತ್ತೇನೆ: 1917ರವರೆಗೆ ಡೆನ್ಮಾರ್ಕಿನವರದಾಗಿತ್ತು, ಅಮೆರಿಕ 2.5 ಕೋಟಿ ಡಾಲರ್ ಕೊಟ್ಟು ಕೊಂಡಿತು. ಕೆಂಪು ಬಣ್ಣದ ಫೋರ್ಟ್ ಕ್ರಿಶ್ಚಿಯನ್ ಕೋಟೆ, ಗುಡ್ಡಕ್ಕೆ ಏರುವ "99 ಮೆಟ್ಟಿಲು". ಅವು 103 ಇವೆ, ಎಣಿಸಿದ್ದೇನೆ. ಪೇಟೆಯ ಮುಖ್ಯ ಬೀದಿ ಪೂರಾ ವಜ್ರದ ಅಂಗಡಿ, ಬಿಟ್ಟು ಮುಂದೆ ನಡೆಯಿರಿ. ಅಮೆರಿಕದ ಆಡಳಿತವಾದರೂ ವಾಹನ ಓಡುವುದು ನಮ್ಮ ಹಾಗೆ ಎಡಗಡೆ. ರಸ್ತೆ ದಾಟುವಾಗ ಒರ್ಲ್ಯಾಂಡೊದಲ್ಲಿ ಕಲಿತದ್ದನ್ನು ಮರೆತು ನಮ್ಮ ಕಲಬುರಗಿ ಪೇಟೆಯ ರೂಢಿಗೆ ಮರಳಿ. ಮತ್ತೊಂದು, ಯಾರನ್ನೇ ಏನೇ ಕೇಳುವ ಮೊದಲು "ಗುಡ್ ಮಾರ್ನಿಂಗ್" ಅನ್ನಿ. ಅನ್ನದೆ ನೇರ ದಾರಿ ಕೇಳಿದರೆ ಅವರಿಗೆ ಉದ್ಧಟತನ. ನಮ್ಮಲ್ಲಿ ಶರಣು ಅನ್ನದೆ ಮನೆ ಹೊಕ್ಕ ಹಾಗೆ.

ಅಲ್ಲಿಯ ಸಫಾರಿ ಗಾಡಿ ಮಾತ್ರ ನೋಡಲೇಬೇಕು. ಲಾರಿಯಂಥ ಪಿಕಪ್ಪಿನ ಹಿಂದೆ ಸಾಲು ಬೆಂಚು ಹಾಕಿ ಮೇಲೆ ಛತ್ತು ಕಟ್ಟಿದ್ದಾರೆ, ಬದಿಗೆ ಬಾಗಿಲಿಲ್ಲ. ನಮ್ಮ ಟಂಟಂ ಆಟೋಗಳ ದೊಡ್ಡಪ್ಪ. ಊರಿನವರು ಓಡಾಡುವ ಸಫಾರಿಯಲ್ಲಿ ನಾವು ಹೋದಾಗ ಪೇಟೆಯೊಳಗೆ ಒಂದು ಡಾಲರ್, ದೂರಕ್ಕೆ ಎರಡು ಇತ್ತು. ಗುಂಡಿ ಒತ್ತಿದರೆ ನಿಲ್ಲಿಸುತ್ತಾನೆ, ಇಳಿದು ಹೋಗಿ ಡ್ರೈವರನ ಕೈಗೆ ಕೊಡಬೇಕು. ಕಂಡಕ್ಟರ್ ಇಲ್ಲ. ಟಿಕೆಟ್ ಇಲ್ಲ. ಯಾರೂ ಕೊಡದೆ ಓಡುವುದೂ ಇಲ್ಲ. ಇಡೀ ದಾರಿ ನಾನು ಹಿಂದೆ ಕುಳಿತು ಇಳಿಯುವವರನ್ನೇ ಎಣಿಸುತ್ತಿದ್ದೆ. ಅದೇ ಗಾಡಿ ಟ್ಯಾಕ್ಸಿಯಾಗಿ ಓಡುವಾಗ ದರ ಬೇರೆ, ತಲೆಗೆ ಇಷ್ಟು ಅಂತ, ಗಾಡಿಗೆ ಅಲ್ಲ. ಹತ್ತುವ ಮೊದಲು "ಇಬ್ಬರಿಗೆ ಒಟ್ಟು ಎಷ್ಟು" ಅಂತ ಕೇಳಿ.

ನಾನು ಎಡವಿದ್ದೂ ಅಲ್ಲೇ. ಮಧ್ಯಾಹ್ನ ಪೇಟೆಯಿಂದ ಹೊರಟಾಗ ಡ್ರೈವರನಿಗೆ "ಶಿಪ್, ಶಿಪ್" ಅಂದೆ. ಅವನು ಒಯ್ದು ಇಳಿಸಿದ. ಎರಡು ಭಾರೀ ಬಿಳಿ ಹಡಗು ನಿಂತಿದ್ದವು, ನಮ್ಮದು ಎರಡರಲ್ಲಿ ಯಾವುದೂ ಅಲ್ಲ. ಆ ಊರಿಗೆ ಎರಡು ಹಡಗುಕಟ್ಟೆ: ಪೇಟೆಯ ಪೂರ್ವಕ್ಕೆ ಹ್ಯಾವೆನ್‌ಸೈಟ್, ಪಶ್ಚಿಮಕ್ಕೆ ಕ್ರೌನ್ ಬೇ. ನಮ್ಮದಿದ್ದದ್ದು ಹ್ಯಾವೆನ್‌ಸೈಟ್, ನಾವು ನಿಂತದ್ದು ಕ್ರೌನ್ ಬೇ. ಕಲಬುರಗಿಯಲ್ಲಿ ಆಳಂದ ನಾಕಾದ ಕಡೆ ಹೋಗಬೇಕಾದವನನ್ನು ಹುಮನಾಬಾದ್ ರಿಂಗ್ ರೋಡಿನಲ್ಲಿ ಇಳಿಸಿದ ಹಾಗೆ. ಹೆಸರು ಹೇಳದವನು ನಾನೇ, ಅವನನ್ನು ಅನ್ನಲು ಬಾಯಿಲ್ಲ. "ಬಸ್ಸಿನಾಗ ಮಂದಿಗೆ 'ಎಲ್ಲಿಗೆ, ಊರ ಹೆಸರ ಹೇಳ್ರಿ' ಅಂತ ಒದರ್ತಿದ್ರಿ" ಅಂದಳು ಮನೆಯಾಕೆ. ಅಷ್ಟೇ ಅಂದಳು. ಮತ್ತೊಂದು ಟ್ಯಾಕ್ಸಿ ಹಿಡಿದು, ಪೇಟೆಯ ನಡುವಿನ ದಟ್ಟಣೆಯಲ್ಲಿ ಮುಕ್ಕಾಲು ತಾಸು ತೆವಳಿ, ಆಲ್ ಅಬೋರ್ಡಿಗೆ ಹದಿನೈದು ನಿಮಿಷ ಇರುವಾಗ ಮುಟ್ಟಿದೆವು. ನನ್ನ ಒಂದು ತಾಸಿನ ಉಳಿತಾಯದಲ್ಲಿ ಮುಕ್ಕಾಲು ತಾಸು ಅಲ್ಲೇ ಖರ್ಚಾಯಿತು. ಅವತ್ತು ಅದು ಇಲ್ಲದಿದ್ದರೆ ನಾವೂ ಚಪ್ಪಾಳೆ ತಿನ್ನುತ್ತಿದ್ದೆವು. ಇಳಿದ ಕೂಡಲೇ ಹಡಗಿನ ಹೆಸರು, ಕಟ್ಟೆಯ ಹೆಸರು ಎರಡೂ ಕಾಣುವ ಹಾಗೆ ಫೋಟೋ ತೆಗೆದುಕೊಳ್ಳಿ. ಡ್ರೈವರನಿಗೆ ಬಾಯಿಂದ ಹೇಳುವುದು ಬೇಡ, ಅದನ್ನೇ ತೋರಿಸಿ.

ಕೊನೆಗೆ ಸಾನ್ ಹ್ವಾನ್ ದಿನದ ವೇ ಬಿಲ್, ಅಂದರೆ ಕಂಡಕ್ಟರನ ಲೆಕ್ಕದ ಹಾಳೆ, ಇಬ್ಬರದು, ಡಾಲರಿನಲ್ಲಿ. ಕೋಟೆ 20. ಪಿರಾಗ್ವಾ ಎರಡು, 6. ಊಟ 22, ಅಜ್ಜಿಗೆ ಮೇಲೆ 5. ಕಾಫಿ 4, ಅದು ನಿಜವಾಗಿ ಶೌಚಾಲಯದ ಬಾಬತ್ತು. ಒಟ್ಟು 57. ಫ್ರಿಜ್ಜಿಗೆ ಅಂಟಿಸುವ ಕೋಟೆಯ ಚಿತ್ರ ಒಂದು, 5 ಡಾಲರ್, ಅದನ್ನು ಮನೆಯಾಕೆ ತನ್ನ ಪರ್ಸಿನಿಂದ ಕೊಟ್ಟಿದ್ದರಿಂದ ಈ ಲೆಕ್ಕಕ್ಕೆ ಸೇರಿಸಿಲ್ಲ. ಸೇರಿಸಬೇಕು ಅಂತ ಅಕಿಯ ವಾದ ಇನ್ನೂ ನಡೆದಿದೆ.